ಎರಡನೇ ಕುರ್ಚಿ

ಔಷಧದಂಗಡಿಯ ಯಜಮಾನರು ಕ್ಷೌರದಂಗಡಿಗೆ ಬಂದವರೇ ನೇರವಾಗಿ ಎರಡನೇ ಕುರ್ಚಿಗೆ ಹೋಗಿ ಕೂತುಬಿಟ್ಟರು. ಅಂಗಡಿ ನಡೆಸುವ ಅಣ್ಣತಮ್ಮಂದಿರಲ್ಲಿ ಅದು ತಮ್ಮನ ಕುರ್ಚಿ. ಬೆಂಚಿನ ಮೇಲಿದ್ದ ಅಣ್ಣ ಖಾಲಿ ಬಿದ್ದ ತನ್ನ ಮೊದಲ ಕುರ್ಚಿಯತ್ತ ನೋಡಿದ. ಇಷ್ಟು ವರ್ಷ ಈ ತಲೆಯನ್ನು ಅವನಲ್ಲದೆ ಇನ್ನೊಬ್ಬರು ಮುಟ್ಟಿರಲಿಲ್ಲ. ಅವನು ಊಟಕ್ಕೆ ಹೋಗಿದ್ದರೆ ಯಜಮಾನರು ಪೇಪರು ಓದುತ್ತ ಕಾಯುತ್ತಿದ್ದರು.

“ಕೈ ಹೇಗಿದೆಯಪ್ಪಾ?” ಎಂದರು ಯಜಮಾನರು, ಕನ್ನಡಿಯಲ್ಲೇ ನೋಡುತ್ತ.

“ಹಾಗೇ ಇದೆ ಸಾರ್. ಎದೆಮಟ್ಟಕ್ಕಿಂತ ಮೇಲೆ ಏಳಲ್ಲ.”

ಬಂದಿದ್ದು ಒಂದು ವೈರಲ್ ಜ್ವರ, ಅಷ್ಟೇ. ಅದು ಇಳಿದ ಮೇಲೆ ಬಲಭುಜದಲ್ಲಿ ಪ್ರಾಣ ಹೋಗುವಂಥ ನೋವು; ನೋವು ಹೋಯಿತು ಅನ್ನುವಷ್ಟರಲ್ಲಿ ಕೈಯಲ್ಲಿ ಬಲವೇ ಇಲ್ಲ. “ಜ್ವರದಿಂದ ಭುಜದ ನರಗಳಿಗೆ ಪೆಟ್ಟಾಗಿದೆ. ಸರಿಹೋಗುತ್ತೆ, ಆದರೆ ವರ್ಷ ಹಿಡಿದರೂ ಹಿಡೀಬಹುದು” ಎಂದಿದ್ದರು ಡಾಕ್ಟರು. ಅಷ್ಟರಲ್ಲಿ ಅಂಗಡಿಗೆ ಬರುವ ತಲೆಗಳೆಲ್ಲ ತಮ್ಮನ ಪಾಲಾಗಿರುತ್ತವೆಂದು ಡಾಕ್ಟರಿಗೇನು ಗೊತ್ತು?

“ನಿನ್ನ ಕೈ ಬಲು ಹಗುರ ಕಣೋ,” ಯಜಮಾನರು ಕಣ್ಣು ಮುಚ್ಚಿ ತಮ್ಮನಿಗೆ ಹೇಳಿದರು. “ಕತ್ತರಿ ಆಡ್ತಿರೋದೇ ಗೊತ್ತಾಗಲ್ಲ.”

ಹೊಗಳಿಕೆಗೂ ಒಂದು ಮಿತಿ ಬೇಡವೇ? ಆ ಕತ್ತರಿ ಹಿಡಿಯುವುದನ್ನು ಕಲಿಸಿದವನು ಯಾರು? ಅಣ್ಣ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

ಕತ್ತಿಗೆ ಹೊಸ ಬ್ಲೇಡು ಹಾಕಿ ಕುತ್ತಿಗೆಯ ಕೂದಲು ಕೆರೆಯತೊಡಗಿದ ತಮ್ಮ. ಯಜಮಾನರ ಎಡಗಿವಿಯ ಹಿಂದೆ ಕಾಳಿನಷ್ಟು ದಪ್ಪದ ನರಹುಲಿಯಿತ್ತು. ನೊರೆ ಹಚ್ಚಿದರೆ ಕಾಣದು, ಬ್ಲೇಡು ತಗುಲಿದರೆ ರಕ್ತ ನಿಲ್ಲದು. ಅದು ತನ್ನ ಬೆರಳಿಗಷ್ಟೇ ಗೊತ್ತೆಂದು ಅಣ್ಣ ನಂಬಿದ್ದ. ‘ಹುಷಾರು’ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಒಂದೇ ಒಂದು ಸಲ ಕೊಯ್ಯಲಿ, ಯಜಮಾನರು ಚೀರಲಿ, ಹಗುರ ಕೈಯ ಬಣ್ಣ ಬಯಲಾಗಲಿ! ಅಣ್ಣ ಮಾತನ್ನು ನುಂಗಿಕೊಂಡ.

ಕತ್ತಿ ಅಲ್ಲಿಯವರೆಗೆ ಬಂದು ನಿಂತಿತು. ಆಮೇಲೆ ಹೆಬ್ಬೆರಳಿನಿಂದ ಕಿವಿ ಮಡಚಿ, ನರಹುಲಿಯನ್ನು ಬಳಸಿಕೊಂಡು ಹೋಗಿ ಕೆಲಸ ಮುಗಿಸಿದ ತಮ್ಮ. ಒಂದು ಹನಿ ರಕ್ತವೂ ಬರಲಿಲ್ಲ.

ಯಜಮಾನರು ಹೋದ ಮೇಲೆ ಅಣ್ಣನಿಗೆ ತಡೆಯಲಾಗಲಿಲ್ಲ. “ಅಲ್ಲಿ ನರಹುಲಿ ಇದೆ ಅಂತ ನಿಂಗ್ಯಾರು ಹೇಳಿದ್ರೋ?”

“ನೀನು ಅಲ್ಲಿ ಕಿವಿ ಮಡಚೋದನ್ನ ಚಿಕ್ಕಂದಿನಿಂದ ನೋಡಿದೀನಲ್ಲ.” ಹೊದಿಸಿದ್ದ ಬಟ್ಟೆ ಒದರಿ ಕುರ್ಚಿಯ ಮೇಲೆ ಹಾಕಿದ ತಮ್ಮ. “ಆದ್ರೂ ಒಂದು ಗಳಿಗೆ ಕತ್ತಿ ನಿಲ್ಸಿ ಕಾದೆ, ಅಣ್ಣ. ನೀನೇ ಹೇಳ್ತೀಯ ಅಂದ್ಕೊಂಡಿದ್ದೆ.”