ಕೊಂದು ಹೋದನೋ, ಕೊಂಡು ಹೋದನೋ

ಇನ್ಸ್‌ಪೆಕ್ಟರು ಚೀಟಿಯ ಮೇಲೆ ಪೇಪರ್‌ವೇಟ್ ಇಟ್ಟು ಅಕ್ಷರಮ್ಮನ ಕಡೆ ಸರಿಸಿದರು.

"ಒಂದೇ ಅಕ್ಷರ ಅಮ್ಮಾ. ದ-ನೋ ಡ-ನೋ ಹೇಳ್ಬಿಡಿ, ಸಾಕು."

ಚೀಟಿಯಲ್ಲಿ ಇದ್ದದ್ದು ನಾಲ್ಕೇ ಪದ. 'ಕೊನೆಗೂ ತಮ್ಮನೇ ಕೊಂದು ಹೋದ.' ಇಲ್ಲವೇ, 'ಕೊನೆಗೂ ತಮ್ಮನೇ ಕೊಂಡು ಹೋದ.' ಬರೆದಾತನ ಕೈಯಲ್ಲಿ ದ, ಡ ಎರಡೂ ಅವಳಿ ಮಕ್ಕಳು. ಹೆತ್ತವನಿಗೆ ಮಾತ್ರ ಗುರುತು. ಹೆತ್ತವನನ್ನೇ ಕೇಳೋಣವೆಂದರೆ ಅವನು ಮೊನ್ನೆ ಬೆಳಿಗ್ಗೆ ತನ್ನ ಮನೆಯ ಮಹಡಿ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ. ಚೀಟಿ ಅವನ ಮುಷ್ಟಿಯಲ್ಲಿತ್ತು.

ಸತ್ತವನು ಸಾಮಾನ್ಯನಲ್ಲ, 'ಉಪ್ಪಿನ ಕೋಟೆ'ಯ ಕಾದಂಬರಿಕಾರ. ಆರು ಸಂಪುಟ, ಮೂರು ರಾಜ್ಯ, ರೆಕ್ಕೆಯ ಮೊಸಳೆಗಳು, ಎಣಿಸಲಾರದಷ್ಟು ಹೆಣ. ಎದುರು ಬೆಂಚಿನಲ್ಲಿ ಮುದುಡಿ ಕೂತವನು ಅವನ ತಮ್ಮ, ಕನ್ನಡಕದ ಅಂಗಡಿಯವನು. ಹಿಂದಿನ ಸಂಜೆ ಆ ಮನೆಗೆ ಹೋಗಿ ಬಂದವನು ಅವನೊಬ್ಬನೇ.

ಆ ಕೈಬರಹವನ್ನು ತಪ್ಪಿಲ್ಲದೆ ಓದಬಲ್ಲವಳು ಇಡೀ ಊರಿನಲ್ಲಿ ಅಕ್ಷರಮ್ಮ ಒಬ್ಬಳೇ. ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವಳು. ಆಕೆ ಶುದ್ಧಪ್ರತಿ ಬರೆದುಕೊಟ್ಟ ಮೇಲೆಯೇ 'ಉಪ್ಪಿನ ಕೋಟೆ' ಅಚ್ಚಿಗೆ ಹೋಗುತ್ತಿದ್ದದ್ದು. ಆಕೆಯ ಕಣ್ಣು ದಾಟಿ ಬಂದ ಒಂದು ಪುಸ್ತಕಕ್ಕೂ ತಪ್ಪು-ಒಪ್ಪುಗಳ ಪಟ್ಟಿ ಅಂಟಿಸಿದ್ದಿಲ್ಲ. ಗಂಡ, ಮಕ್ಕಳು ಎಂದು ಯಾರೂ ಇಲ್ಲದ ಹೆಂಗಸಿಗೆ ಆ ಹೆಸರೇ ಆಸ್ತಿ, ಅದೇ ಊರುಗೋಲು.

ತಮಾಷೆ ನೋಡಿ, ಇದೇ ಒಂದು ಅಕ್ಷರಕ್ಕಾಗಿ ಓದುಗರು ಹನ್ನೆರಡು ವರ್ಷದಿಂದ ಜುಟ್ಟು ಜುಟ್ಟು ಹಿಡಿದು ಬಡಿದಾಡುತ್ತಿದ್ದರು. ಮೂರನೇ ಸಂಪುಟದ ಕೊನೆಯ ಸಾಲು ಹೀಗೆ: 'ಗಾಯಗೊಂಡ ದೊರೆಯನ್ನು ತಮ್ಮನಾದ ಸೇನಾಪತಿಯೇ ಕೊಂದು ಹೋದ.' ಆಮೇಲೆ ದೊರೆಯ ಹೆಣವೂ ಸಿಗಲಿಲ್ಲ, ಸೇನಾಪತಿಯ ಸುಳಿವೂ ಇಲ್ಲ. ಸೇನಾಪತಿ ದ್ರೋಹಿ ಎಂದಿತು ಒಂದು ಪಕ್ಷ. ಅಲ್ಲ, ಅದು ಅಚ್ಚಿನ ತಪ್ಪು, ಅಣ್ಣನನ್ನು ಉಳಿಸಲೆಂದು 'ಕೊಂಡು ಹೋದ' ಎಂದಿತು ಇನ್ನೊಂದು. ಕತ್ತಿ ಒರೆಯಿಂದ ಹೊರಬಂದ ಮಾತೇ ಇಲ್ಲ, ಕುದುರೆಯ ಗೊರಸು ಇಬ್ಬರ ಭಾರಕ್ಕೆ ಕೆಸರಿನಲ್ಲಿ ಹೂತಿದೆ ಎಂದು ಆ ಪಕ್ಷದವರು ಪುಟ ತೆಗೆದು ತೋರಿಸುತ್ತಿದ್ದರು. ದೊರೆಯೇನು ತರಕಾರಿಯೇ ಕೊಂಡು ಹೋಗಲಿಕ್ಕೆ ಎಂದು ಎದುರು ಪಕ್ಷದವರು ನಗುತ್ತಿದ್ದರು. ಕಾದಂಬರಿಕಾರನನ್ನು ಕೇಳಿದರೆ ಮೀಸೆಯಡಿ ನಕ್ಕು, "ಅಕ್ಷರಮ್ಮನ್ನ ಕೇಳಿ" ಎನ್ನುತ್ತಿದ್ದ. ಅಕ್ಷರಮ್ಮ, ಅಚ್ಚಾಗಿರುವುದೇ ಸರಿ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು.

'ಕೊಂಡು' ಪಕ್ಷದ ಮುಂದಾಳು ಯಾರೆಂದುಕೊಂಡಿರಿ? ಇದೇ ಕನ್ನಡಕದ ತಮ್ಮ. ನನ್ನಣ್ಣ ಅಂಥ ತಮ್ಮನನ್ನು ಬರೆಯುವವನೇ ಅಲ್ಲ ಎಂಬುದು ಅವನ ವಾದ.

ಈಗ ಠಾಣೆಯಲ್ಲೂ ಅವನದು ಅದೇ ಪಾಠ. ಕೊನೆಯ ಸಂಪುಟದ ಕೊನೆಯ ಅಧ್ಯಾಯವನ್ನು ಮೊದಲು ತನಗೇ ಕೊಡಬೇಕೆಂದು ಅಣ್ಣನ ಬೆನ್ನು ಬಿದ್ದಿದ್ದನಂತೆ. ಆ ಸಂಜೆ ಅಣ್ಣ ಕೊಟ್ಟ, ತಾನು ಕೊಂಡು ಹೋದ. ಬೆಳಿಗ್ಗೆ ಹಾಳೆಗೆಂದು ಬರುವ ಅಕ್ಷರಮ್ಮ ಸುಮ್ಮನೆ ಹುಡುಕಾಡದಿರಲಿ ಎಂದು ಅಣ್ಣ ಚೀಟಿ ಬರೆದಿದ್ದಾನೆ, ಬಾಗಿಲಿಗೆ ಅಂಟಿಸಲು ಇಳಿಯುವಾಗ ಕಾಲು ಜಾರಿದೆ. ಅಧ್ಯಾಯವೇನೋ ತಮ್ಮನ ಚೀಲದಲ್ಲಿ ಸಿಕ್ಕಿತು. ಆದರೆ ಕೊಂಡು ಹೋದದ್ದಕ್ಕೂ ಅದೇ ಸಾಕ್ಷಿ, ಕೊಂದು ಹೋದದ್ದಕ್ಕೂ ಅದೇ ಸಾಕ್ಷಿ.

"ಅಕ್ಕಾ," ಎಂದ ತಮ್ಮ. "ಈ ಕನ್ನಡಕ ಮಾಡಿಕೊಟ್ಟೋನೇ ನಾನು. ನಿಮ್ಮ ಕಣ್ಣು ತಪ್ಪಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೋಡಿ ಹೇಳಿ."

ಅಕ್ಷರಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಒಂದೇ ನೋಟ ಸಾಕಾಯಿತು. ಅಕ್ಷರ ಯಾವುದೆಂದು ಆಕೆಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಒಬ್ಬನ ಕೊರಳಿಗೆ ಬರುವ ಮಾತು, ಅವಸರದಲ್ಲಿ ಆಡಲಾದೀತೇ? ತಮ್ಮನ ಮುಖ ನೋಡಲಾರದೆ ಪೇಪರ್‌ವೇಟನ್ನೇ ನೋಡಿದಳು.

"ದ," ಎಂದಳು.

ತಮ್ಮ ಬೆಂಚಿನಿಂದ ಎದ್ದು ಚೀಟಿಗೆ ಕೈ ಚಾಚಿದ. ಪೇದೆ ಅವನ ರಟ್ಟೆ ಹಿಡಿದು ಒಳಗೆ ಕರೆದೊಯ್ದ.

ಇನ್ಸ್‌ಪೆಕ್ಟರು ಹೇಳಿಕೆಗೆ ಸಹಿ ಹಾಕಿಸಿಕೊಂಡು, ಆಚೀಚೆ ನೋಡಿ ದನಿ ತಗ್ಗಿಸಿದರು. ಅವರಿಗೂ 'ಉಪ್ಪಿನ ಕೋಟೆ'ಯ ಹುಚ್ಚು.

"ಇದು ಕೇಸಿಗಲ್ಲ ಅಮ್ಮಾ, ನನಗೆ. ಮೂರನೇ ಸಂಪುಟದಲ್ಲೂ ಹಾಗೇನಾ?"

"ಅದೇ ಕೈ, ಅದೇ ಅಕ್ಷರ ಸಾರ್."

ಇನ್ಸ್‌ಪೆಕ್ಟರು ತೃಪ್ತಿಯಿಂದ ಕುರ್ಚಿಗೆ ಒರಗಿದರು. ಸೇನಾಪತಿಯ ಮೇಲೆ ತಮಗೆ ಮೊದಲಿಂದಲೂ ಅನುಮಾನವೇ ಎಂದರು. ಆ ಕೊನೆಯ ಅಧ್ಯಾಯದಲ್ಲಿ ತಮಗೊಂದು ಸಾಲೂ ನೆಟ್ಟಗೆ ಹತ್ತುತ್ತಿಲ್ಲ, ಅದನ್ನೂ ಆಕೆಯೇ ಓದಿ ಶುದ್ಧಪ್ರತಿ ಮಾಡಿಕೊಡಬೇಕು ಎಂದೂ ಕೇಳಿಕೊಂಡರು.

"ಮಾಡಿಕೊಡ್ತೀನಿ," ಎಂದಳು ಅಕ್ಷರಮ್ಮ.

ಮನೆಗೆ ಬಂದವಳೇ ಚಿಲಕ ಹಾಕಿ, ಟ್ರಂಕಿನ ತಳದಿಂದ ಮೂರನೇ ಸಂಪುಟದ ಹಸ್ತಪ್ರತಿಯ ಕೊನೆಯ ಹಾಳೆ ತೆಗೆದು, ಒಲೆ ಹೊತ್ತಿಸಿದಳು. ಉರಿಗೆ ಒಡ್ಡುವ ಮುಂಚೆ, ಹನ್ನೆರಡು ವರ್ಷದ ಹಿಂದೆ ಅದರ ಅಂಚಿನಲ್ಲಿ ಅವನು ಪೆನ್ಸಿಲಿನಿಂದ ಬರೆದದ್ದನ್ನು ಕೊನೆಯ ಸಲ ಓದಿಕೊಂಡಳು:

'ಅಕ್ಷರಮ್ಮ, ಇದು ಡ. ಅಚ್ಚಾಗಿಹೋಯಿತು, ಹೋಗಲಿ ಬಿಡಿ. ನಾನು ಸಾಯುವ ತನಕ ಯಾರಿಗೂ ಹೇಳುವುದಿಲ್ಲ.'