ಮೈನರ್ ಟ್ಯೂನಿಂಗ್

ಹುಡುಗಿಗೆ ಗಿಟಾರ್ ಬರುತ್ತದೆ ಎಂದು ಅವಳ ಬಯೋಡೇಟಾದಲ್ಲಿತ್ತು. ಅವಳ ಫೋಟೋ ನೋಡಿದ ಮೇಲೆ ಹುಡುಗ ತನ್ನದರಲ್ಲೂ ಅದೇ ಸಾಲು ಸೇರಿಸಿದ. ಹೆಣ್ಣು ನೋಡಲು ಬರುವಾಗ ಗಿಟಾರ್ ತನ್ನಿ ಎಂದು ಅವರ ಮನೆಯಿಂದ ಫೋನ್ ಬಂದಾಗ ಗೆಳೆಯನ ಬಳಿ ಓಡಿದ.

ಗೆಳೆಯ ತನ್ನ ಗಿಟಾರನ್ನು ಓಪನ್ ಮೈನರ್‌ಗೆ ಟ್ಯೂನ್ ಮಾಡಿಕೊಟ್ಟ. "ಎಡಗೈ ಸುಮ್ನೆ ಹಿಡ್ಕೊಂಡಿರ್ಲಿ. ಬಲಗೈಲಿ ಮೀಟು, ಆರೂ ತಂತಿ ತಾನಾಗೇ ಹೊಂದ್ಕೊಂಡು ನುಡಿಯುತ್ತೆ. ಸ್ವಲ್ಪ ಅಳುಮೋರೆ ನಾದ. ಕಣ್ಮುಚ್ಕೋ, ಭಾವ ಅಂದ್ಕೋತಾರೆ."

ಹಾಗೇ ಆಯಿತು. ಅವನು ಕಣ್ಣು ಮುಚ್ಚಿ ಮೀಟಿದಾಗ ಹುಡುಗಿಯ ಸೋದರತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವಳ ತಾತ ಮಾತ್ರ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು.

"ಚೆನ್ನಾಗಿದೆ ಕಣಪ್ಪ. ಆದ್ರೆ ಯಾರೋ ಹೋಗ್ಬಿಟ್ಟ ಹಾಗಿದೆ. ಶುಭಕಾರ್ಯಕ್ಕೆ ಬಂದಿದೀಯ, ಒಂದು ಸಂತೋಷದ್ದು ನುಡಿಸು."

ಅವನು ತಂತಿಗಳನ್ನು ಸವರಿದ. "ಅದು... ತಾತ, ಇವತ್ತು ತಂತಿ ಸ್ವಲ್ಪ..."

ಹುಡುಗಿ ಎದ್ದು ಬಂದು ಪಕ್ಕದಲ್ಲಿ ಕುಳಿತಳು. ಮೂರನೆಯ ತಂತಿಯನ್ನು ಗಿಟಾರಿನ ಕತ್ತಿನ ತುದಿಯಲ್ಲಿ ಒಂದೇ ಬೆರಳಿನಿಂದ ಒತ್ತಿ ಹಿಡಿದು, "ಈಗ ಮೀಟಿ" ಎಂದಳು.

ಮೀಟಿದ. ಅಷ್ಟು ಹೊತ್ತು ಅಳುತ್ತಿದ್ದ ಗಿಟಾರ್ ನಕ್ಕುಬಿಟ್ಟಿತು. ತಾತ ತೊಡೆ ತಟ್ಟಿದರು. "ಹಾಂ, ಇದು ಮದುವೆ ಮನೆ."

ಎಲ್ಲರೂ ಮಾತಿಗಿಳಿದಾಗ ಅವನು ಪಿಸುಗುಟ್ಟಿದ: "ನಂಗೇನೂ ಬರಲ್ಲ ಅಂತ ನಿಮಗೆ ಗೊತ್ತಾಗೋಯ್ತು. ಬೇಡ ಅನ್ಬೇಡಿ, ಕಲಿಸ್ಕೊಡಿ."

"ಕಲಿಸಿ ಆಯ್ತಲ್ಲ," ಅವಳೂ ಪಿಸುಗುಟ್ಟಿದಳು. "ನಂಗೂ ಬರೋದು ಈ ಬೆರಳೊಂದೇ."