ಹಿಂದಿನ ಸೀಟು

ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ ಬಂದರೆ ಈಗಲೂ ಶಹಾಪುರದ ನಮ್ಮ ಅಂಗಳ ಕಣ್ಮುಂದೆ ಬರುತ್ತದೆ.

ಹಳೆಯ ಕಾರು ಇನ್ನೂ ಜೋರಾಗಿ ಓಡಲಿ, ಭಾರ ಕಡಿಮೆಯಾಗಲಿ ಅಂತ ಅಪ್ಪ ಹಿಂದಿನ ಸೀಟನ್ನೇ ಕಿತ್ತು ಅಟ್ಟಕ್ಕೆ ಹಾಕಿದ್ದ. "ನಾವೇನು ಟಾಪಿನ ಮ್ಯಾಲ ಕುಂಡ್ರಬೇಕೇನ್ರಿ?" ಅಂತ ಅವ್ವ ನಗುತ್ತಿದ್ದಳು.

ಅವ್ವನ ಜಡ್ಡು ಹೆಚ್ಚಾದ ಆ ಮಧ್ಯಾಹ್ನ ಅವಳನ್ನು ಮಲಗಿಸಿಕೊಂಡು ಕಲಬುರಗಿಯ ಆಸ್ಪತ್ರೆಗೆ ಹೋಗಬೇಕಿತ್ತು. ಅಪ್ಪ ಅಟ್ಟದಿಂದ ಸೀಟು ಇಳಿಸಿ, ಧೂಳು ಒರೆಸಿ ಬೋಲ್ಟ್ ಬಿಗಿದ. ಶೋಕಿಗೆ ಹಾಕಿಸಿದ್ದ ಗದ್ದಲದ ಸೈಲೆನ್ಸರ್ ತೆಗೆದು ಹಳೆಯದನ್ನೇ ಹಾಕಿದ. ನಾನು ಸೀಟಿನ ಮೇಲೆ ಕುಣಿದೆ. "ನಾನೂ ಬರ್ತೇನಪಾ!"

"ಅವ್ವ ಆರಾಮಾಗಿ ಬರ್ಲಿ, ಆಮ್ಯಾಲ ಮೂರೂ ಮಂದಿ ಹೋಗೂಣು," ಅಂತ ಅಪ್ಪ ನನ್ನನ್ನು ಕೆಳಗಿಳಿಸಿದ.

ಅವ್ವ ಮಲಗಿದಲ್ಲಿಂದಲೇ, "ಇವತ್ತರ ಸಾವಕಾಶ ಹೊಡೀರಿ," ಅಂದಳು. ಕಾರು ಸಪ್ಪಳವಿಲ್ಲದೆ ಓಣಿ ದಾಟಿತು.

ಕಾರು ತಿರುಗಿ ಬಂತು, ಅವ್ವ ಬರಲಿಲ್ಲ. ಆ ಸೀಟನ್ನು ಅಪ್ಪ ಮತ್ತೆಂದೂ ಬಿಚ್ಚಲಿಲ್ಲ. ಹಿಂದೆ ಕೂಡುತ್ತೇನೆಂದು ಎಷ್ಟು ಹಟ ಮಾಡಿದರೂ ನನ್ನನ್ನು ಮುಂದೆಯೇ ಕೂಡಿಸಿಕೊಳ್ಳುತ್ತಿದ್ದ.